ಪಾತ್ರೆ ತೊಳೆಯುವ ಲಿಕ್ವಿಡ್ ಮೇಲೆ ಕೈ ಕೊರೆಯುವ ಚಿತ್ರ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಜರ್ಮನಿಗೆ ಬಂದು ಎಂಟು ತಿಂಗಳಾಯ್ತು. ಮಗಳಿಗೆ ಎರಡು ವರ್ಷ. ನೆಲಮಾಳಿಗೆಯಲ್ಲಿ ಹಿಂದಿದ್ದವರು ಬಿಟ್ಟುಹೋದ ಪಾತ್ರೆ ತೊಳೆಯುವ ಲಿಕ್ವಿಡ್ ಸಿಕ್ಕಿತು. ಅದರ ಮೇಲೆ ಕಿತ್ತಳೆ ಬಣ್ಣದ ಚೌಕ, ಒಳಗೆ ಕಪ್ಪು ಇಂಟು ಗುರುತು. ಅದೇ ಕಂಪನಿಯ ಹೊಸ ಬಾಟಲಿ ತಂದರೆ ಕೆಂಪು ಅಂಚಿನ ಡೈಮಂಡ್, ಒಳಗೆ ಕೈ ಮೇಲೆ ಏನೋ ಸುರಿದು ಕೈ ಕೊರೆದುಹೋಗುವ ಚಿತ್ರ! ಈಗ ಜಾಸ್ತಿ ಸ್ಟ್ರಾಂಗ್ ಮಾಡಿದ್ದಾರಾ? ಮಗು ಇರುವ ಮನೆಯಲ್ಲಿ ಬಳಸಬಹುದಾ?

ಉತ್ತರ: ನಮಸ್ಕಾರ ಮೇಡಂ. ಇಂಥ ಲೇಬಲ್ ಸಿದ್ಧ ಮಾಡುವುದೇ ನನ್ನ ಕೆಲಸ. ಬಳಸಬಹುದು, ಆದರೆ ಮಗುವಿನ ಕೈಗೆ ಸಿಗದಂತೆ ಮೇಲಿಡಿ.

ಒಳಗಿನ ಲಿಕ್ವಿಡ್ ಅದೇ ಇದ್ದರೂ ಚಿತ್ರ ಬದಲಾಗಬಹುದು. ಯುರೋಪಿಯನ್ ಒಕ್ಕೂಟದಲ್ಲಿ ಸಿಎಲ್‌ಪಿ ಅನ್ನುವ ರಾಸಾಯನಿಕಗಳ ಲೇಬಲ್ ನಿಯಮ ಇಂಥ ಮಿಶ್ರಣಗಳಿಗೆ 2015ರ ಜೂನ್ 1ರಿಂದ ಕಡ್ಡಾಯವಾಯ್ತು. ಹಳೆ ಲೇಬಲ್ಲಿನ ಸ್ಟಾಕ್ ಮಾರಲು 2017ರ ಜೂನ್ 1ರವರೆಗೆ ಅವಕಾಶವಿತ್ತು. ಅಂದರೆ ನಿಮ್ಮ ಆ ಬಾಟಲಿ ತುಂಬಾ ಹಳೆಯದು.

ಚಿತ್ರದ ಜೊತೆ ಲೆಕ್ಕವೂ ಬದಲಾಯ್ತು. ನೊರೆ ಬರಿಸುವ ಕೆಲವು ರಾಸಾಯನಿಕಗಳು ಕಣ್ಣಿಗೆ ಬಿದ್ದರೆ ದೊಡ್ಡ ಹಾನಿ ಮಾಡುತ್ತವೆ. ಹಳೆ ಲೆಕ್ಕದಲ್ಲಿ ಅಂಥವು 10% ಮುಟ್ಟಿದರೆ ಮಾತ್ರ ಇಡೀ ಲಿಕ್ವಿಡ್ಡಿಗೆ 'ಕಣ್ಣಿಗೆ ತೀವ್ರ ಹಾನಿ' ಎಂಬ ಎಚ್ಚರಿಕೆ. 5ರಿಂದ 10% ಇದ್ದರೆ ಬರೀ 'ಕಣ್ಣು ಉರಿ'. ಈಗ 3% ಸಾಕು. 6% ಇರುವ ಲಿಕ್ವಿಡ್ ಒಂದು ಹನಿಯೂ ಬದಲಾಗದೆ ಮೇಲಿನ ಗುಂಪಿಗೆ ಹೋಯ್ತು. ಆ ಗುಂಪಿನ ಚಿತ್ರವೇ ನೀವು ನೋಡಿದ್ದು, ಜೊತೆಗೆ 'ಗೆಫಾರ್', ಅಂದರೆ ಅಪಾಯ ಅನ್ನುವ ಪದ.

ಚಿತ್ರದಲ್ಲಿ ಕೈ ಇದ್ದರೂ ಇಲ್ಲಿ ಅಪಾಯ ಇರುವುದು ಕಣ್ಣಿಗೆ. ಇದು ಜನರಿಗೆ ಗೊಂದಲ ಮಾಡುತ್ತದೆ, ನನಗೂ ಬೇಸರವಿದೆ. ಲೋಹ ತಿನ್ನುವುದು, ಚರ್ಮ ಸುಡುವುದು, ಕಣ್ಣಿನ ಹಾನಿ, ಮೂರಕ್ಕೂ ಒಂದೇ ಚಿತ್ರ. ಯಾವುದು ಅಂತ ಪಕ್ಕದ ವಾಕ್ಯ ಹೇಳುತ್ತದೆ. ದಯವಿಟ್ಟು ಅದನ್ನು ಓದಿ, ಜರ್ಮನ್ ಬರದಿದ್ದರೆ ಫೋನಿನಲ್ಲಿ ಅನುವಾದ ಮಾಡಿ.

ಇನ್ನೊಂದು ಕಂಪನಿಯದ್ದರ ಮೇಲೆ ಬರೀ ಆಶ್ಚರ್ಯಸೂಚಕ ಚಿಹ್ನೆ, ಅಂದರೆ ಕಡಿಮೆ ಮಟ್ಟದ ಎಚ್ಚರಿಕೆ, ಕಾಣಬಹುದು. ಪರೀಕ್ಷೆಯ ಪುರಾವೆ ಇದ್ದರೆ ಶೇಕಡಾ ಲೆಕ್ಕ ಬಿಟ್ಟು ಅದರ ಪ್ರಕಾರ ಲೇಬಲ್ ಹಾಕಲು ಅವಕಾಶವಿದೆ.

ಇನ್ನೊಬ್ಬರು: ಸರ್, ಶಾಂಪೂನಲ್ಲೂ ಅದೇ ನೊರೆ ರಾಸಾಯನಿಕ ಇರುತ್ತೆ ಅಲ್ವಾ? ಅದರ ಮೇಲೆ ಡೈಮಂಡ್ ಇಲ್ಲವಲ್ಲ?

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ಶಾಂಪೂ ಸೌಂದರ್ಯವರ್ಧಕಗಳ ಬೇರೆ ನಿಯಮಕ್ಕೆ ಬರುತ್ತದೆ, ಸಿಎಲ್‌ಪಿ ಅದಕ್ಕಿಲ್ಲ. ಹಾಗಾಗಿ ಡೈಮಂಡ್ ಇಲ್ಲ ಅಂದ ಮಾತ್ರಕ್ಕೆ ಮಗುವಿನ ಕೈಗೆ ಕೊಡಬೇಡಿ. ಹೊಸದಾಗಿ ಬರುತ್ತಿರುವ ಹಾರ್ಮೋನ್ ತೊಂದರೆಯ ಎಚ್ಚರಿಕೆಗೂ ಚಿತ್ರವೇ ಇಲ್ಲ, ಬರೀ ಅಕ್ಷರ. ಹೊಸ ಮಿಶ್ರಣಗಳಿಗೆ ಅದು ಕಡ್ಡಾಯವಾಗುವುದು 2026ರ ಮೇ 1ರಿಂದ, ಮೊದಲೇ ಮಾರುಕಟ್ಟೆಯಲ್ಲಿರುವವಕ್ಕೆ 2028ರ ಮೇ 1ರಿಂದ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ನಾನು ದೊಡ್ಡ ಕ್ಯಾನ್ ತಂದು ಖಾಲಿ ನೀರಿನ ಬಾಟಲಿಗೆ ತುಂಬಿಡುತ್ತೇನೆ. ಊರಲ್ಲಿ ಅಮ್ಮನೂ ಹಾಗೇ ಮಾಡುತ್ತಿದ್ದರು.

ಉತ್ತರ: ಅದನ್ನು ಇವತ್ತೇ ನಿಲ್ಲಿಸಿ ಮೇಡಂ. ಎರಡು ವರ್ಷದ ಮಗುವಿಗೆ ನೀರಿನ ಬಾಟಲಿ ಅಂದರೆ ಕುಡಿಯುವುದೇ.

ಇನ್ನೊಂದು ಕಾರಣವೂ ಇದೆ. ಕ್ಯಾನಿನ ಲೇಬಲ್ ಮೇಲೆ 'ಯುಎಫ್ಐ' ಅಂತ ಬರೆದು ಪಕ್ಕದಲ್ಲಿ ನಾಲ್ಕು ನಾಲ್ಕರಂತೆ 16 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮನೆಬಳಕೆಯ ಹೊಸ ಉತ್ಪನ್ನಗಳಿಗೆ ಇದು 2021ರಲ್ಲಿ ಶುರುವಾಯ್ತು. ಈ ಕೋಡ್ ಓದಿ ಹೇಳಿದರೆ ಒಳಗೆ ಏನಿದೆ ಅಂತ ವಿಷ ಮಾಹಿತಿ ಕೇಂದ್ರದವರು ತಕ್ಷಣ ತಿಳಿಯುತ್ತಾರೆ. ನೀರಿನ ಬಾಟಲಿಯಲ್ಲಿ ಅದು ಎಲ್ಲಿಂದ ಬರಬೇಕು?

ಕಣ್ಣಿಗೆ ಬಿದ್ದರೆ ಮೊದಲು ನಲ್ಲಿಯ ನೀರು, ಹತ್ತು ಹದಿನೈದು ನಿಮಿಷ ಬಿಡದೆ ತೊಳೆಯಿರಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ, ನೊರೆ ಶ್ವಾಸಕೋಶಕ್ಕೆ ಹೋಗಬಹುದು. ಬಾಟಲಿ ಕೈಯಲ್ಲಿ ಹಿಡಿದು ನಿಮ್ಮ ರಾಜ್ಯದ 'ಗಿಫ್ಟ್‌ನೋಟ್‌ರುಫ್', ಅಂದರೆ ವಿಷದ ತುರ್ತು ಸಹಾಯವಾಣಿಗೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ ನೇರ ತುರ್ತು ನಂಬರ್ 112. ಎರಡೂ ನಂಬರ್ ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.