ಗ್ರೀಕ್ ಓದು: ಹೋಮರನಿಂದಲೇ ಶುರು ಮಾಡಬೇಕಾ?

ಸಂಜೆ ಓದುಗ:
ಪ್ಲೇಟೋನ ರಿಪಬ್ಲಿಕ್ ಅರ್ಧಕ್ಕೆ ನಿಂತಿದೆ. ಮೊದಲ ಭಾಗದ ಜಗಳ ಚೆನ್ನಾಗಿತ್ತು. ಆಮೇಲೆ ಸಾಕ್ರಟೀಸ್ ಒಬ್ಬನೇ ಮಾತಾಡುತ್ತಾನೆ, ಉಳಿದವರು ಸುಮ್ನೆ ಹೂಂ ಅನ್ನುತ್ತಾರೆ. ನನಗೆ ಕಾವ್ಯ, ನಾಟಕ, ತತ್ವಶಾಸ್ತ್ರ ಎಲ್ಲದರ ರುಚಿಯೂ ಬೇಕು. ಗ್ರೀಕ್ ಬರಲ್ಲ, ಕನ್ನಡ ಅಥವಾ ಇಂಗ್ಲಿಷ್ ಅನುವಾದವೇ ಗತಿ. ಎಲ್ಲಿಂದ ಶುರು ಮಾಡಲಿ?

ಹಳೆ ಪುಸ್ತಕದಂಗಡಿ:
ಕಾಲಕ್ರಮ ಬಿಡಬೇಡಿ. ಹೋಮರನ ಕಾವ್ಯಗಳಾದ ಇಲಿಯಡ್, ಒಡಿಸ್ಸಿ, ಆಮೇಲೆ ಕವಿ ಹೆಸಿಯಡ್, ಆಮೇಲೆ ನಾಟಕಗಳು, ಕೊನೆಗೆ ಪ್ಲೇಟೋ, ಅರಿಸ್ಟಾಟಲ್. ಗ್ರೀಕ್ ಹುಡುಗರು ಪಾಠ ಕಲಿತದ್ದೇ ಹೋಮರನಿಂದ. ಪ್ಲೇಟೋ ಮಾತುಮಾತಿಗೂ ಅವನ ಸಾಲು ತರುತ್ತಾನೆ. ರಿಪಬ್ಲಿಕ್‌ನ ಹತ್ತನೇ ಭಾಗದಲ್ಲಿ ಕವಿಗಳನ್ನು ಊರಾಚೆ ಹಾಕುವಾಗ ಅವನ ಕಣ್ಣು ಇರುವುದು ಹೋಮರನ ಮೇಲೆ. ಎದುರಾಳಿ ಯಾರೆಂದು ಗೊತ್ತಿಲ್ಲದೆ ಆ ಜಗಳ ಹೇಗೆ ಅರ್ಥವಾಗುತ್ತದೆ?

ಸೈಡ್ ವಿಂಗ್:
ಸರ್, ಈ ಪಟ್ಟಿ ಹಿಡಿದು ಹೊರಟವರಲ್ಲಿ ಅರ್ಧ ಜನ ಇಲಿಯಡ್‌ನ ಎರಡನೇ ಭಾಗದಲ್ಲೇ ಕೈಬಿಡುತ್ತಾರೆ. ಅಲ್ಲಿ ಹಡಗುಗಳ ಲೆಕ್ಕ ಶುರುವಾಗುತ್ತದೆ: ಯಾವ ಊರು, ಯಾರು ನಾಯಕ, ಎಷ್ಟು ಹಡಗು. ಗ್ರೀಕರು ಟ್ರಾಯ್ ಊರಿನೊಳಗೆ ನುಸುಳಿದ ಮರದ ಕುದುರೆಗೆ ಕಾಯುತ್ತ ಕೂತವರ ಗತಿ ಇನ್ನೂ ಪಾಪ. ಇಲಿಯಡ್‌ನಲ್ಲಿ ಅದು ಬರುವುದೇ ಇಲ್ಲ. ಟ್ರಾಯ್ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಗೆ ಕಾವ್ಯ ಮುಗಿಯುತ್ತದೆ. ಒಡಿಸ್ಸಿಯಲ್ಲಿ ಒಬ್ಬ ಹಾಡುಗಾರ ಕುದುರೆ ಕಥೆ ಹೇಳುತ್ತಾನೆ. ವಿವರವಾಗಿ ಬೇಕಿದ್ದರೆ ಲ್ಯಾಟಿನ್ ಕವಿ ವರ್ಜಿಲನ ಹತ್ತಿರ ಹೋಗಬೇಕು.

ನಾಟಕದಿಂದ ಶುರು ಮಾಡಿ. ಸೊಫೋಕ್ಲಿಸನ ಈಡಿಪಸ್ ಒಂದೇ ಸಂಜೆಗೆ ಮುಗಿಯುತ್ತದೆ. ಲಂಕೇಶರ ಕನ್ನಡ ಅನುವಾದ ಇದೆ, ಅಂತಿಗೊನೆಯೂ ಇದೆ. ಕಥೆ ಮೊದಲೇ ಗೊತ್ತು ಅನ್ನಬೇಡಿ, ಅಥೆನ್ಸಿನ ಪ್ರೇಕ್ಷಕರಿಗೂ ಗೊತ್ತಿತ್ತು. ಊರಿಗೆ ಬಂದ ಪಿಡುಗಿಗೆ ಯಾರು ಕಾರಣ ಎಂದು ರಾಜನೇ ತನಿಖೆಗೆ ಇಳಿಯುತ್ತಾನೆ. ಒಬ್ಬೊಬ್ಬರನ್ನೇ ಕರೆಸಿ ಕೇಳುತ್ತಾನೆ. ಬೇಡ ಬಿಡು ಎಂದು ಹೆಂಡತಿ ಬೇಡಿಕೊಂಡರೂ ಬಿಡುವುದಿಲ್ಲ. ಇದನ್ನು ಓದಿದ ಮೇಲೆ ಅರಿಸ್ಟಾಟಲನ ಪೊಯೆಟಿಕ್ಸ್ ಹಿಡಿಯಿರಿ. ಚಿಕ್ಕ ಪುಸ್ತಕ, ಮತ್ತೆ ಮತ್ತೆ ಇದೇ ನಾಟಕದ ಉದಾಹರಣೆ ಕೊಡುತ್ತದೆ. ತತ್ವಶಾಸ್ತ್ರವೂ ಶುರುವಾಯಿತಲ್ಲ!

ಕರಾವಳಿ ಕೋರ್ಟು:
ನಾಟಕ ಆಗಬಹುದು ಮಾರಾಯ್ರೆ, ಆದರೆ ಅವರು ಸಿಕ್ಕಿಹಾಕಿಕೊಂಡಿರುವುದು ಪ್ಲೇಟೋನಲ್ಲಿ. ಅವನ ಅಪಾಲಜಿ ಓದಿ, ವಿಚಾರಣೆಯಲ್ಲಿ ಸಾಕ್ರಟೀಸ್ ತನ್ನ ಪರ ಆಡಿದ ಮಾತು ಅದು. ಕ್ರಿ.ಪೂ. 399, ಅಥೆನ್ಸಿನ ನ್ಯಾಯಾಲಯ, 70 ವರ್ಷದ ಸಾಕ್ರಟೀಸ್. ಆರೋಪ: ಊರಿನ ದೇವರನ್ನು ನಂಬಲಿಲ್ಲ, ಯುವಕರನ್ನು ಕೆಡಿಸಿದ. ದೂರು ಕೊಟ್ಟ ಮೆಲೆಟಸನಿಗೆ ಸಾಕ್ರಟೀಸ್ ಹಾಕುವ ಪಾಟೀಸವಾಲು ನಮ್ಮ ಜೂನಿಯರ್‌ಗಳು ಓದಬೇಕು. ಹಾಗಾದರೆ ಊರಲ್ಲಿ ಎಲ್ಲರೂ ಹುಡುಗರನ್ನು ತಿದ್ದುವವರು, ಕೆಡಿಸುವವನು ನಾನೊಬ್ಬನೇ ಅಲ್ವಾ ಎಂದು ಕೇಳಿ ಹೌದು ಅನ್ನಿಸಿಬಿಡುತ್ತಾನೆ.

ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆ ಬದಲಿ ಶಿಕ್ಷೆ ಸೂಚಿಸುವ ಸರದಿ ಆರೋಪಿಯದು. ಇವನು ಏನನ್ನುತ್ತಾನೆ? ಒಲಿಂಪಿಕ್ ಗೆದ್ದವರಿಗೆ ಹಾಕುವ ಹಾಗೆ ನನಗೂ ಊರ ಖರ್ಚಿನಲ್ಲಿ ಊಟ ಹಾಕಿ ಅನ್ನುತ್ತಾನೆ! ಅದಕ್ಕೆ ಸ್ವಲ್ಪ ಮೊದಲು, ಮೂವತ್ತು ಮತ ಆಚೀಚೆ ಆಗಿದ್ದರೆ ಬಿಡುಗಡೆಯಾಗುತ್ತಿದ್ದೆ ಎಂದು ಅವನೇ ಹೇಳಿರುತ್ತಾನೆ. ನನ್ನ ಕಕ್ಷಿದಾರ ಹೀಗೆ ಮಾಡಿದರೆ ನಾನು ವಕಾಲತ್ತು ವಾಪಸ್ ಕೊಡುತ್ತೇನೆ.

ಅಡ್ಡ ಪ್ರಶ್ನೆ:
ಅಪಾಲಜಿ ಒಂದನ್ನೇ ಓದಿದರೆ ಸಾಕ್ರಟೀಸ್ ಹುತಾತ್ಮ, ಅಥೆನ್ಸಿನವರು ದಡ್ಡರು ಎಂದು ತಲೆಯಲ್ಲಿ ಕೂತುಬಿಡುತ್ತದೆ. ಅದು ಶಿಷ್ಯ ಪ್ಲೇಟೋ ಬರೆದದ್ದು, ಕೋರ್ಟಿನ ದಾಖಲೆ ಅಲ್ಲ. ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಗೆ ಸೋತಿತು. ಮೂವತ್ತು ಜನರ ಕೂಟ ಅಧಿಕಾರ ಹಿಡಿದು ಊರಿನವರನ್ನೇ ಕೊಲ್ಲಿಸಿತು. ಅದರ ಮುಂದಾಳು ಕ್ರಿಟಿಯಸ್ ಸಾಕ್ರಟೀಸನ ಜೊತೆ ಓಡಾಡಿದವನು, ಪ್ಲೇಟೋಗೆ ತಾಯಿ ಕಡೆಯ ನೆಂಟ. ಮರುವರ್ಷ ಪ್ರಜಾಪ್ರಭುತ್ವ ಮರಳಿದಾಗ, ಹಳೆಯದನ್ನು ಕೆದಕುವುದಿಲ್ಲ ಎಂಬ ಒಪ್ಪಂದ ಆಯಿತು. ಹಾಗಾಗಿ ಆ ಸಿಟ್ಟನ್ನು ಆರೋಪದಲ್ಲಿ ನೇರವಾಗಿ ಬರೆಯುವಂತಿರಲಿಲ್ಲ. "ಯುವಕರನ್ನು ಕೆಡಿಸಿದ" ಅಂದಾಗ ಕೇಳಿದವರಿಗೆ ಯಾವ ಯುವಕರು ನೆನಪಾಗಿರಬಹುದು ಹೇಳಿ.

ಕರಾವಳಿ ಕೋರ್ಟು:
ಅದಕ್ಕೆ ಉತ್ತರವೂ ಅಪಾಲಜಿಯಲ್ಲೇ ಇದೆ. ಲಿಯಾನ್ ಎಂಬವನನ್ನು ಕೊಲ್ಲಲು ಹಿಡಿದು ತನ್ನಿ ಎಂದು ಅದೇ ಕೂಟ ಐದು ಜನರಿಗೆ ಹೇಳಿತು. ನಾಲ್ವರು ಹೋದರು. ಸಾಕ್ರಟೀಸ್ ಮನೆಗೆ ಹೋದ.

ಅಡ್ಡ ಪ್ರಶ್ನೆ:
ಮನೆಗೆ ಹೋದ, ಸರಿ. ಲಿಯಾನನಿಗೆ ಒಂದು ಮಾತು ಮುಟ್ಟಿಸಿದ ಅಂತ ಅಲ್ಲಿ ಇಲ್ಲವಲ್ಲ? ಅದಕ್ಕೇ ಹೇಳುವುದು, ಅಪಾಲಜಿ ಜೊತೆಗೆ ಅರಿಸ್ಟೋಫೇನಿಸನ ನಗೆನಾಟಕ ಕ್ಲೌಡ್ಸ್ ಇಟ್ಟುಕೊಳ್ಳಿ. ಮೊದಲು ಆಡಿದ್ದು ಕ್ರಿ.ಪೂ. 423ರಲ್ಲಿ, ಈಗ ಸಿಗುವುದು ಆಮೇಲೆ ತಿದ್ದಿದ ರೂಪ. ಅಲ್ಲಿ ಸಾಕ್ರಟೀಸ್ ಬುಟ್ಟಿಯಲ್ಲಿ ತೂಗಾಡುತ್ತ ಆಕಾಶ ನೋಡುತ್ತಾನೆ. ಸಾಲ ತಪ್ಪಿಸಿಕೊಳ್ಳುವ ವಾದ ಕಲಿಯಲಿ ಎಂದು ಒಬ್ಬ ಅಪ್ಪ ಮಗನನ್ನು ಅವನಲ್ಲಿಗೆ ಕಳಿಸುತ್ತಾನೆ. ಮಗ ಕಲಿತು ಬಂದು ಅಪ್ಪನಿಗೇ ಹೊಡೆದು, ಹೊಡೆದದ್ದು ಸರಿ ಎಂದು ವಾದ ಮಾಡುತ್ತಾನೆ! ನನ್ನ ಹೆಸರು ಕೆಟ್ಟದ್ದು ಈ ನಾಟಕದಿಂದಲೂ ಎಂದು ಸಾಕ್ರಟೀಸನೇ ವಿಚಾರಣೆಯಲ್ಲಿ ದೂರುತ್ತಾನೆ.

ಹಳೆ ಪುಸ್ತಕದಂಗಡಿ:
ಅದೇ ವಿಚಾರಣೆಯಲ್ಲಿ ಅವನು ತನ್ನನ್ನು ಯಾರಿಗೆ ಹೋಲಿಸಿಕೊಳ್ಳುತ್ತಾನೆ? ಇಲಿಯಡ್‌ನ ಗ್ರೀಕ್ ವೀರ ಅಕಿಲಿಸನಿಗೆ. ಹೆಕ್ಟರನನ್ನು ಕೊಂದರೆ ಮುಂದಿನ ಸಾವು ನಿನ್ನದೇ ಎಂದು ತಾಯಿ ಹೇಳಿದರೂ ಅವನು ಹಿಂದೆ ಸರಿಯಲಿಲ್ಲ ಅಂತ. ತಿರುಗಿ ಹೋಮರನ ಹತ್ತಿರವೇ ಬಂದಿರಿ.

ಸೈಡ್ ವಿಂಗ್:
ಅಷ್ಟಕ್ಕೆ ಒಂದು ಅಡಿಟಿಪ್ಪಣಿ ಸಾಕು ಸರ್.

ಹಳೆ ಪುಸ್ತಕದಂಗಡಿ:
ಸಾಲದು ಮೇಡಂ. ಇಲಿಯಡ್‌ನ ಕೊನೆಯ ಭಾಗದಲ್ಲಿ ಹೆಕ್ಟರನ ಅಪ್ಪ, ಮುದುಕ ಪ್ರಿಯಮ್ ರಾತ್ರಿ ಶತ್ರುವಿನ ಬಿಡಾರಕ್ಕೆ ಹೋಗಿ, ತನ್ನ ಮಕ್ಕಳನ್ನು ಕೊಂದವನ ಕೈಗೆ ಮುತ್ತಿಟ್ಟು, ಹೆಕ್ಟರನ ಹೆಣ ಕೊಡು ಎಂದು ಬೇಡುತ್ತಾನೆ. ಅಕಿಲಿಸ್ ತನ್ನ ಅಪ್ಪನನ್ನು ನೆನೆದು ಅಳುತ್ತಾನೆ. ಇಬ್ಬರೂ ಒಟ್ಟಿಗೆ ಅಳುತ್ತಾರೆ, ಆಮೇಲೆ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಯಾವ ಅಡಿಟಿಪ್ಪಣಿಯಲ್ಲಿ ಹಿಡಿಸುತ್ತೀರಿ ಇದನ್ನು? ಪೂರ್ತಿ ಓದಲು ಪುರುಸೊತ್ತಿಲ್ಲದವರು 1, 6, 9, 22, 24ನೇ ಭಾಗ ಓದಲಿ. ಹಡಗಿನ ಲೆಕ್ಕ ಬಿಟ್ಟರೆ ಹೋಮರ್ ಶಾಪ ಹಾಕಲ್ಲ.

ಮೈಸೂರು ಪಾಕ:
ಕನ್ನಡದಲ್ಲಿ ಬೇಕು ಅಂದಿರಲ್ಲ, ಬಿಎಂಶ್ರೀ ನೆನಪಾಗಲಿಲ್ಲವೇ ಯಾರಿಗೂ? ಸೊಫೋಕ್ಲಿಸನ ಏಜಾಕ್ಸ್ ನಾಟಕವನ್ನು ಮಹಾಭಾರತಕ್ಕೆ ತಂದು 1929ರಲ್ಲಿ ಅಶ್ವತ್ಥಾಮನ್ ಬರೆದರು. ಈಸ್ಕಿಲಸನ ಪರ್ಷಿಯನ್ಸ್ 1935ರಲ್ಲಿ ಪಾರಸಿಕರು ಆಯಿತು. ಹಳಗನ್ನಡದ ಅಭ್ಯಾಸ ಇದ್ದರೆ ಅಶ್ವತ್ಥಾಮನ್ ಜೋರಾಗಿ ಓದಿ ನೋಡಿ. ಇಲ್ಲದಿದ್ದರೆ ಲಂಕೇಶರೇ ಸುಲಭ.

ದೂರದ ಊರು:
ಯಾರೂ ಇತಿಹಾಸಕಾರ ಹೆರೊಡೋಟಸನ ಹೆಸರೇ ಎತ್ತಲಿಲ್ಲ! ಅವನ ಪುಸ್ತಕದಲ್ಲಿ ಪರ್ಷಿಯಾದ ದೊರೆ ಡೇರಿಯಸ್ ತನ್ನ ಆಸ್ಥಾನದ ಗ್ರೀಕರಿಗೆ ಕೇಳುತ್ತಾನೆ: ಎಷ್ಟು ಕೊಟ್ಟರೆ ಸತ್ತ ಅಪ್ಪನನ್ನು ತಿನ್ನುತ್ತೀರಿ? ಏನು ಕೊಟ್ಟರೂ ಇಲ್ಲ ಅನ್ನುತ್ತಾರೆ. ಆಮೇಲೆ ಹೆತ್ತವರ ಹೆಣ ತಿನ್ನುವವರು ಎಂದು ಹೆರೊಡೋಟಸ್ ಬರೆದಿರುವ ಒಂದು ಭಾರತದ ಪಂಗಡವನ್ನು ಕರೆಸಿ, ಎಷ್ಟು ಕೊಟ್ಟರೆ ಸುಡುತ್ತೀರಿ ಎಂದು ಕೇಳಿದರೆ ಅವರು ಬೊಬ್ಬೆ ಹೊಡೆಯುತ್ತಾರೆ. ಕಥೆ ನಿಜವೋ ಕಟ್ಟಿದ್ದೋ, ನೀತಿ ಅನ್ನುವುದು ಊರೂರಿನ ರೂಢಿಯಾ ಎಂಬ ಪ್ರಶ್ನೆ ಒಂದೇ ಪುಟದಲ್ಲಿ ಎದ್ದು ನಿಲ್ಲುತ್ತದೆ. ಅಲ್ಲೊಂದು ಇಲ್ಲೊಂದು ಪುಟ ತೆರೆದು ಓದಿದರೂ ನಡೆಯುತ್ತದೆ.

ಅಡ್ಡ ಪ್ರಶ್ನೆ:
ಒಂದು ಎಚ್ಚರಿಕೆ. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಸ್ಯಾಮ್ಯುಯೆಲ್ ಬಟ್ಲರನ ಹಳೆಯ ಹೋಮರ್ ಇಳಿಸಿಕೊಂಡರೆ ದೇವರ ರಾಜ ಜ್ಯೂಸ್ ಅಲ್ಲಿ ಜೋವ್ ಆಗಿರುತ್ತಾನೆ, ದೇವತೆ ಅಥೀನಾ ಮಿನರ್ವಾ ಆಗಿರುತ್ತಾಳೆ. ಎಲ್ಲ ರೋಮನ್ ಹೆಸರು. ಹೊಸಬರಿಗೆ ಯಾರು ಯಾರೆಂದೇ ತಿಳಿಯಲ್ಲ. ಫೇಗಲ್ಸ್ ಅಥವಾ ಎಮಿಲಿ ವಿಲ್ಸನ್ ಅನುವಾದ ಲೈಬ್ರರಿಯಲ್ಲಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಸಂಜೆ ಓದುಗ:
ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಲಂಕೇಶರ ಈಡಿಪಸ್. ಆಮೇಲೆ ಕ್ಲೌಡ್ಸ್ ಮೊದಲಾ, ಅಪಾಲಜಿ ಮೊದಲಾ?

ಅಡ್ಡ ಪ್ರಶ್ನೆ:
ಕ್ಲೌಡ್ಸ್. ತೀರ್ಪು ಕೊಟ್ಟವರ ತಲೆಗೂ ಮೊದಲು ಹೊಕ್ಕಿದ್ದು ಅದೇ.

ಕರಾವಳಿ ಕೋರ್ಟು:
ಪ್ರಾಸಿಕ್ಯೂಷನ್ ಮೊದಲು ಮಾತಾಡುವುದು ಕೋರ್ಟಿನ ಕ್ರಮವೇ. ಆಕ್ಷೇಪಣೆ ಇಲ್ಲ.