ಮಗಳಿಗೆ ದಮ್ಮು, ಪಂಪ್ ಶುರು ಮಾಡೋಕೆ ಭಯ. ನಿಮ್ಮ ಅನುಭವ ಹೇಳಿ

ಪ್ರಶ್ನೆ: ಮಗಳಿಗೆ ಏಳು ವರ್ಷ. ನಾವು ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು. ಮೋಡ ಕವಿದರೆ ಸಾಕು, ರಾತ್ರಿ ಎರಡು ಗಂಟೆಗೆ ಕೆಮ್ಮು, ಎದೆಯಲ್ಲಿ ಕುಂಯ್ ಕುಂಯ್ ಸದ್ದು. ಡಾಕ್ಟರು ಆಸ್ತಮಾ ಎಂದು ಹೇಳಿ, ದಿನಾ ಎರಡು ಹೊತ್ತು ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ಅತ್ತೆ ಮಾತ್ರ "ಪಂಪ್ ಅಭ್ಯಾಸವಾದರೆ ಜೀವನಪೂರ್ತಿ ಬಿಡೋಕಾಗಲ್ಲ" ಅಂತಾರೆ. ನೀವೆಲ್ಲ ಏನು ಮಾಡಿದಿರಿ?

ಬೆಂಗಳೂರಿನ ಇನ್ನೊಬ್ಬ ತಾಯಿ: ನಮ್ಮಮ್ಮನೂ ಇದೇ ಮಾತು ಹೇಳಿದ್ದರು. ದಿನದ ಪಂಪ್ ಶುರು ಮಾಡಿದ ಮೇಲೆ ಮಗ ಮೂರು ವಾರ ಚೆನ್ನಾಗಿ ನಿದ್ದೆ ಮಾಡಿದ. ಸುಮ್ನೆ ಯಾಕೆ ಸ್ಟೀರಾಯ್ಡ್ ಅಂತ ದಿನದ ಪಂಪ್ ನಿಲ್ಲಿಸಿಬಿಟ್ಟೆ. ಎದೆ ಬಿಗಿದಾಗ ನೀಲಿ ಪಂಪ್ ಕೊಟ್ಟರೆ ಸ್ವಲ್ಪ ಹೊತ್ತಿಗೆ ಆರಾಮಾಗುತ್ತಿದ್ದ. ಅಷ್ಟೇ ಸಾಕು ಅನ್ನಿಸಿತು.

ದೀಪಾವಳಿಯ ಎರಡನೇ ರಾತ್ರಿ ಅವನಿಗೆ ಮಲಗಲು ಆಗಲಿಲ್ಲ. ಮಂಚದ ಮೇಲೆ ಎರಡೂ ಕೈ ಊರಿ ಕೂತಿದ್ದ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಚರ್ಮ ಗುಳಿ ಬೀಳುತ್ತಿತ್ತು. "ಅಮ್ಮಾ" ಅಂದ, ಉಸಿರು ತೆಗೆದುಕೊಂಡ, ಆಮೇಲೆ "ನೀರು" ಅಂದ. ಆಸ್ಪತ್ರೆಯಲ್ಲಿ ಆಕ್ಸಿಜನ್, ನೆಬ್ಯುಲೈಸರ್, ಜೊತೆಗೆ ಸ್ಟೀರಾಯ್ಡ್ ಮಾತ್ರೆ. ಯಾವುದು ಬೇಡವೆಂದು ಪಂಪ್ ನಿಲ್ಲಿಸಿದ್ದೆನೋ ಅದನ್ನೇ ಎಷ್ಟೋ ಪಟ್ಟು ಜಾಸ್ತಿ ಕೊಡಿಸಿದ ಹಾಗಾಯಿತು. ಪಂಪ್‌ನಲ್ಲಿ ಔಷಧಿ ಮೈಕ್ರೋಗ್ರಾಂ ಲೆಕ್ಕ, ಮಾತ್ರೆಯಲ್ಲಿ ಮಿಲಿಗ್ರಾಂ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ!

ನೀಲಿ ಪಂಪ್ ಬಿಗಿದ ಉಸಿರು ನಾಳವನ್ನು ಸಡಿಲಿಸುತ್ತದೆ, ಒಳಗಿನ ಊತ ಹಾಗೇ ಉಳಿಯುತ್ತದೆ. ಊತ ಇಳಿಸುವುದು ದಿನದ ಪಂಪ್. ಇದು ಚಟವಾಗುವ ಔಷಧಿಯಲ್ಲ. ಬಿಟ್ಟರೆ ಕಾಯಿಲೆ ತಿರುಗಿ ಬರುತ್ತದೆ, ಅದನ್ನೇ ಜನ ಅಭ್ಯಾಸ ಅಂದುಕೊಳ್ಳುತ್ತಾರೆ. ಎತ್ತರ ಸ್ವಲ್ಪ ಕಡಿಮೆಯಾಗಬಹುದು ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು, ಪ್ರತಿ ಸಲ ಅಳೆಯುತ್ತಾರೆ. ಮಗ ಚೆನ್ನಾಗಿದ್ದಾಗ ಡೋಸ್ ಇಳಿಸುವುದೂ ಅವರೇ. ಆರಾಮಿದ್ದ ದಿನಗಳಲ್ಲಿ ಮರೆಯದೆ ಕೊಡುವುದೇ ನಿಜವಾದ ಕಷ್ಟ ಕಣ್ರೀ. ನಾವು ಪಂಪನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟಿದ್ದೇವೆ. ಪಂಪ್ ಎಳೆದು, ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ ಉಗಿಯುತ್ತಾನೆ. ಹಾಗೆ ಮಾಡದಿದ್ದರೆ ಬಾಯಲ್ಲಿ ಬಿಳಿ ಹುಣ್ಣಾಗಬಹುದು.

ಧಾರವಾಡದಿಂದ: ನನಗೇ ಮೂವತ್ತು ವರ್ಷದಿಂದ ದಮ್ಮು. ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಕಸ ಹೂ ಬಿಟ್ಟರೆ ಮೊದಲು ಸೀನು, ಆಮೇಲೆ ಎದೆ. ಕಿತ್ತು ಹಾಕಿದರೂ ಮುಂದಿನ ಮಳೆಗೆ ಮತ್ತೆ ಅಷ್ಟೇ ಎತ್ತರ. ಊರಿನ ಗಾಳಿ ನಮ್ಮ ಕೈಯಲ್ಲಿಲ್ಲ, ಮಲಗುವ ಕೋಣೆ ಇದೆಯಲ್ಲ. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದೆವು. ಊದುಬತ್ತಿಯ ಹೊಗೆ ಮಲಗುವ ಕೋಣೆಗೆ ಬರದ ಹಾಗೆ ನೋಡಿಕೊಂಡೆವು. ದಿಂಬಿನ ಕವರು, ಹೊದಿಕೆ ವಾರಕ್ಕೊಮ್ಮೆ ಬಿಸಿನೀರಿಗೆ. 60 ಡಿಗ್ರಿ ಇದ್ದರೆ ಕಣ್ಣಿಗೆ ಕಾಣದ ಧೂಳುಹುಳ ಸಾಯುತ್ತದೆ. ಗೋಡೆಯ ಬೂಸ್ಟು ಬಿಡಬೇಡಿ. ಇಷ್ಟೆಲ್ಲ ಮಾಡಿದರೂ ನನ್ನ ಪಂಪ್ ಮಾತ್ರ ಬಿಟ್ಟಿಲ್ಲ.

ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವವರು: ಮೇಡಂ, ಸ್ಪೇಸರ್ ತಗೊಳ್ಳಿ, ಅಂದರೆ ಪಂಪ್‌ನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಅದಿಲ್ಲದಿದ್ದರೆ ಮಕ್ಕಳಿಗೆ ಹೆಚ್ಚಿನ ಔಷಧಿ ಬಾಯಿ, ಗಂಟಲಲ್ಲೇ ಉಳಿಯುತ್ತದೆ. ಪಂಪ್ ಅಲ್ಲಾಡಿಸಿ, ಒಂದು ಸಲ ಒತ್ತಿ, ನಿಧಾನವಾಗಿ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಅದು ಆಗದ ಮಗು ಸ್ಪೇಸರ್‌ನಲ್ಲೇ ಐದಾರು ಸಲ ಉಸಿರಾಡಿದರೂ ಆಯಿತು. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಔಷಧಿ ಒಳಗಿನ ಗೋಡೆಗೆ ಅಂಟಿಕೊಳ್ಳುತ್ತದೆ. ಇನ್ನೊಂದು ನೀಲಿ ಪಂಪ್ ಶಾಲೆಯಲ್ಲಿ ಇರಲಿ, ಟೀಚರಿಗೂ ತೋರಿಸಿಕೊಡಿ. ನೀಲಿ ಪಂಪ್ ಕೊಟ್ಟ ಮೇಲೂ ಮಗುವಿಗೆ ಮಾತಾಡಲು ಕಷ್ಟವಾದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.