ಅಪ್‌ಡೇಟ್: ಕಲಬುರಗಿ ಮನೆಯ ದಿನಸಿ ಖರ್ಚು ಕಡಿಮೆಯಾಯ್ತು

ಐದು ಜನರ ಮನೆ, ದಿನಸಿಗೇ ತಿಂಗಳಿಗೆ 9,000 ರೂಪಾಯಿ ದಾಟುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಈಗ 7,000ದ ಆಸುಪಾಸಿಗೆ ಬಂದಿದೆ. ಉತ್ತರ ಕೊಟ್ಟ ಅಕ್ಕ, ಅಣ್ಣಂದಿರಿಗೆಲ್ಲ ತುಂಬಾ ಥ್ಯಾಂಕ್ಸ್.

ಜಾಸ್ತಿ ಉಳಿದದ್ದು ಬೇಳೆಯಲ್ಲಿ. ತೊಗರಿ ಬಿಟ್ಟು ಅಗ್ಗದ ಬೇಳೆ ತನ್ನಿ ಅಂತ ಕೆಲವರು ಹೇಳಿದ್ದರು. ಅದಕ್ಕೆ ಮನಸ್ಸು ಒಪ್ಪಲಿಲ್ಲ. 2019ರಲ್ಲಿ ಜಿಐ ಟ್ಯಾಗ್ (ಈ ಊರಿನದ್ದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಪಡೆದ ತೊಗರಿ ನಮ್ಮದು, ಊರಲ್ಲೇ ಇದ್ದು ಬಿಡೋದು ಹೇಗೆ? ಬದಲಿಗೆ ಓಣಿಯ ಮೂರು ಮನೆಯವರು ಸೇರಿ, ಸುಗ್ಗಿಯಲ್ಲಿ ಹೊಸ ತೊಗರಿ ಬಂದಾಗ ಒಂದು ಕ್ವಿಂಟಲ್ ಕಾಳು ತಗೊಂಡು ಮಿಲ್ಲಿಗೆ ಹಾಕಿಸಿದೆವು. ಒಂದು ಮಾತು: ಬರೀ ಕಾಳಿನ ದರ ನೋಡಬೇಡಿ. ಕ್ವಿಂಟಲ್ಲಿಗೆ ಬೇಳೆ ಸುಮಾರು 70 ಕೆಜಿ ಬರುತ್ತದೆ, ಉಳಿದದ್ದು ಹೊಟ್ಟು, ನುಚ್ಚು. ಮಿಲ್ಲಿನ ಕೂಲಿ, ಆಟೋ ಬಾಡಿಗೆ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಅಂಗಡಿ ದರಕ್ಕೆ ಹೋಲಿಸಿ. ನುಚ್ಚು ಬೇಳೆ ಸಾರಿಗೆ ಚೆನ್ನಾಗಿರುತ್ತದೆ, ಸುಮ್ನೆ ಬಿಟ್ಟು ಬರಬೇಡಿ.

ಹಿಂಗಾರಿ ಜೋಳವನ್ನೂ ಹೀಗೇ ಚೀಲದಲ್ಲಿ ತಂದೆವು. ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿಸಿ, ಒಣಗಿದ ಬೇವಿನ ಎಲೆ ಹಾಕಿ ಡಬ್ಬದಲ್ಲಿ ತುಂಬಿದ್ದೇನೆ. ಹಿಟ್ಟು ಮಾತ್ರ ವಾರಕ್ಕೆ ಬೇಕಾದಷ್ಟೇ ಬೀಸಿಸುತ್ತೇನೆ. ಹಳೆಯದಾದರೆ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ, ಅಲ್ವಾ?

ಸಂಜೆ ಸಂತೆಯಲ್ಲಿ ಪುಂಡಿಪಲ್ಲೆ, ಮೆಂತ್ಯ ಅಗ್ಗ. ಎಣ್ಣೆ ಖರ್ಚು ಮಾತ್ರ ಇನ್ನೂ ಇಳಿದಿಲ್ಲ. ಶೇಂಗಾ ಕೊಟ್ಟು ಗಾಣದಲ್ಲಿ ಎಣ್ಣೆ ತೆಗೆಸಿದವರು ಯಾರಾದರೂ ಇದ್ದರೆ, ಕೆಜಿಗೆ ಎಷ್ಟು ಎಣ್ಣೆ ಸಿಕ್ಕಿತು ಅಂತ ದಯವಿಟ್ಟು ಹೇಳಿ.